ಅಪೊಸ್ತಲನಾದ ಪೌಲನೂ ಕರಾವಳಿಯ ಸ್ನೇಹಿತರೂ

ತಾರ್ಸ ಪಟ್ಟಣದಲ್ಲಿ ಹುಟ್ಟಿದ ಪೌಲನು ಯೌವನದಲ್ಲಿ ಸೌಲನೆಂಬ ಹೆಸರಿನಿಂದ ಯೆರೂಸಲೇಮಿನ ಸಭೆಯನ್ನು ಹಿಂಸಿಸಿದನು. ಸ್ತೆಫನನ ಕೊಲೆಗೂ ಸಮ್ಮತಿಸಿದನು. ಆಗ ಚದರಿದವರಲ್ಲಿ ಕೆಲವರು ಫೊಯಿನೀಕೆಯ ಕರಾವಳಿಗೆ ಹೋದರು. ಸ್ತೆಫನನ ಜೊತೆಸೇವಕನಾದ ಫಿಲಿಪ್ಪನು ಕಡೆಗೆ ಕೈಸರೈಯದಲ್ಲಿ ನೆಲಸಿದನು. ದಮಸ್ಕದ ದಾರಿಯಲ್ಲಿ ಸೌಲನ ಮನಸ್ಸು ತಿರುಗಿದ್ದನ್ನು ನಮ್ಮಲ್ಲಿ ಓದಿ ಹೋದವರೆಲ್ಲರೂ ಬಲ್ಲರು.

20ಕ್ಕೂ ಹೆಚ್ಚು ವರುಷಗಳಾದ ಮೇಲೆ, ಕ್ರಿ. ಶ. ಸುಮಾರು 57ರಲ್ಲಿ, ತನ್ನ ಮೂರನೆಯ ಪ್ರವಾಸದ ಕೊನೆಯಲ್ಲಿ, ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣದೊಡನೆ ಅವನು ಆ ಕರಾವಳಿಗೆ ಬಂದನು. ಹಡಗು ತೂರಿನಲ್ಲಿ ಸರಕಿಳಿಸಬೇಕಾಗಿದ್ದುದರಿಂದ ಶಿಷ್ಯರನ್ನು ಹುಡುಕಿ 7 ದಿನ ಅವರಲ್ಲಿದ್ದನು. ಯೆರೂಸಲೇಮಿಗೆ ಹೋಗಬೇಡವೆಂದು ಅವರು ಎಚ್ಚರಿಸಿದರು. ಹೊರಡುವ ದಿನ ಹೆಂಗಸರೂ ಮಕ್ಕಳೂ ಊರ ಹೊರಗಿನ ತನಕ ಬಂದು, ಕಡಲತೀರದಲ್ಲಿ ಮೊಣಕಾಲೂರಿ ಪ್ರಾರ್ಥಿಸಿ ಬೀಳ್ಕೊಟ್ಟರು. ಪ್ತೊಲೆಮಾಯದಲ್ಲಿ ಒಂದೇ ದಿನ ತಂಗಿದನು.

ಕೈಸರೈಯದಲ್ಲಿ ಇಳುಕೊಂಡದ್ದು ಆ ಫಿಲಿಪ್ಪನ ಮನೆಯಲ್ಲಿಯೇ. ಒಂದು ಕಾಲದಲ್ಲಿ ತನ್ನನ್ನು ಊರು ಬಿಡಿಸಿದವನಿಗೆ ಫಿಲಿಪ್ಪನು ಬಾಗಿಲು ತೆರೆದನು. ಅನೇಕ ದಿನ ಇರಿಸಿಕೊಂಡನು. ಅವನಿಗೆ ಪ್ರವಾದಿಸುವ ನಾಲ್ವರು ಕನ್ಯೆಯರಾದ ಹೆಣ್ಣುಮಕ್ಕಳಿದ್ದರು. ಲೂಕನು ಅವರ ಹೆಸರುಗಳನ್ನು ಬರೆಯದೆ ಹೋದದ್ದು ಹೆಣ್ಣುಮಕ್ಕಳ ಶಾಲೆಯವರಾದ ನಮಗೆ ಸ್ವಲ್ಪ ವ್ಯಸನವೇ. ಅಲ್ಲಿ ಅಗಬನು ಪೌಲನ ನಡುಕಟ್ಟಿನಿಂದ ತನ್ನ ಕೈಕಾಲುಗಳನ್ನು ಕಟ್ಟಿಕೊಂಡು, ಬರಲಿದ್ದ ಸೆರೆಯನ್ನು ಸೂಚಿಸಿದನು. ಎಲ್ಲರೂ ಅತ್ತು ಬೇಡಿಕೊಂಡರೂ ಪೌಲನು ನಿಲ್ಲಲಿಲ್ಲ.

ಯೆರೂಸಲೇಮಿನಲ್ಲಿ ಸೆರೆಸಿಕ್ಕಿ, ಕೈದಿಯಾಗಿ ಕೈಸರೈಯಕ್ಕೇ ಮರಳಿ, 2 ವರುಷ ಕಾವಲಿನಲ್ಲಿದ್ದನು. ಸ್ನೇಹಿತರು ಉಪಚರಿಸುವುದಕ್ಕೆ ಅಡ್ಡಿಯಿರಲಿಲ್ಲ. ಅನಂತರ ರೋಮಿಗೆ ಸಾಗಿಸುವಾಗ ಹಡಗು ಸೀದೋನನ್ನು ಮುಟ್ಟಲು, ಶತಾಧಿಪತಿಯಾದ ಯೂಲ್ಯನು ದಯೆತೋರಿ, ಅಲ್ಲಿಯ ಸ್ನೇಹಿತರ ಬಳಿಗೆ ಅವನನ್ನು ಹೋಗಗೊಟ್ಟನು.