ಕಾಫಿ ನಾಡು ಇಂದಿರಮ್ಮನಲ್ಲಿ ಕಂಡದ್ದೇನು?



ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ, 1978ರ ನವೆಂಬರ್ ತಿಂಗಳಲ್ಲಿ ಅವರು ಯಾರಿಗೆ ಓಟು ಹಾಕಿದರೆಂದು ಒಮ್ಮೆ ಕೇಳಿ ನೋಡಿ. ಆಮೇಲಿನ ಎಷ್ಟೋ ಚುನಾವಣೆಗಳು ಅವರಿಗೆ ಮರೆತುಹೋಗಿರಬಹುದು, ಇದೊಂದು ಮರೆತಿರಲಾರದು. ಮೂಡಿಗೆರೆಯ ತೋಟದ ಲೈನ್ ಮನೆಗಳಲ್ಲಿ, ಕಳಸದ ಪೇಟೆಯಲ್ಲಿ, ಪೂಜೆ ಮುಗಿಸಿ ಇಗರ್ಜಿಯ ಅಂಗಳದಲ್ಲಿ ನಿಂತ ಅಜ್ಜಿಯರ ಬಾಯಲ್ಲಿ ಆ ಹೆಸರು ಇಂದಿಗೂ ಇಂದಿರಾ ಗಾಂಧಿ ಅಲ್ಲ, ಇಂದಿರಮ್ಮ. ದೇಶದ ನಾಯಕಿಯನ್ನು ಅಮ್ಮ ಎಂದು ಕರೆದ ಜನ ಆಕೆಯಿಂದ ಏನನ್ನು ಬಯಸಿದರು? ಬಯಸಿದ್ದು ಸಿಕ್ಕಿತೇ? ಈ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವರ ಬದುಕನ್ನು ಒಮ್ಮೆ ಅವಲೋಕಿಸೋಣ.

ಇಂದಿರಾ ಹುಟ್ಟಿದ್ದು 1917ರ ನವೆಂಬರ್ 19ರಂದು, ಅಲಹಾಬಾದಿನಲ್ಲಿ. ಜವಾಹರಲಾಲ್ ನೆಹರೂ ಮತ್ತು ಕಮಲಾ ದಂಪತಿಗಳ ಒಬ್ಬಳೇ ಮಗಳು. ಅಜ್ಜ ಮೋತಿಲಾಲರು ಹೆಸರಾಂತ ವಕೀಲರು. ಮನೆಯಲ್ಲಿ ಸಿರಿಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಮನೆಯವರದು. ಅಜ್ಜ ಜೈಲಿಗೆ, ತಂದೆ ಜೈಲಿಗೆ, ಕಡೆಗೆ ತಾಯಿಯೂ ಜೈಲಿಗೆ. ತಂದೆ ಮಗಳಿಗೆ ಪಾಠ ಹೇಳಿದ್ದು ಸೆರೆಮನೆಯಿಂದ ಬರೆದ ಪತ್ರಗಳ ಮೂಲಕ. ಶಾಲೆಯೂ ಒಂದೇ ಕಡೆ ನಿಲ್ಲಲಿಲ್ಲ: ಅಲಹಾಬಾದಿನ ಕಾನ್ವೆಂಟು, ಸ್ವಿಟ್ಜರ್ಲೆಂಡು, ಪುಣೆ, ರವೀಂದ್ರನಾಥ ಟಾಗೋರರ ಶಾಂತಿನಿಕೇತನ. ತಾಯಿ ಕಮಲಾ ಕ್ಷಯರೋಗದಿಂದ ನರಳಿ 1936ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ತೀರಿಕೊಂಡಾಗ ಮಗಳಿಗೆ ಹದಿನೆಂಟು ವರ್ಷ. ಇಂಥ ಬಾಲ್ಯ ಒಬ್ಬರನ್ನು ಗಟ್ಟಿ ಮಾಡುತ್ತದೆ, ನಿಜ. ಆದರೆ ಯಾರನ್ನೂ ಪೂರ್ತಿಯಾಗಿ ನಂಬದ ಸ್ವಭಾವವನ್ನೂ ಕಲಿಸುತ್ತದೆ. ಕುಟುಂಬಗಳನ್ನು ಹತ್ತಿರದಿಂದ ನೋಡುವ ಗುರುವಿಗೆ ಇದು ಹೊಸ ವಿಷಯವಲ್ಲ.

1942ರ ಮಾರ್ಚ್‌ನಲ್ಲಿ ಫಿರೋಜ್ ಗಾಂಧಿಯವರೊಡನೆ ವಿವಾಹ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂಧನ, ನೈನಿ ಜೈಲಿನಲ್ಲಿ ಸುಮಾರು ಎಂಟು ತಿಂಗಳ ವಾಸ. 1944ರಲ್ಲಿ ರಾಜೀವ್, 1946ರಲ್ಲಿ ಸಂಜಯ್ ಹುಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ ಪ್ರಧಾನಿಯಾದ ತಂದೆಯ ಮನೆಯ ಜವಾಬ್ದಾರಿ ಹೊತ್ತರು. ದಾಂಪತ್ಯ ಅದರಿಂದ ಸೊರಗಿತು. 1960ರಲ್ಲಿ ಪತಿ, 1964ರಲ್ಲಿ ತಂದೆ ತೀರಿಕೊಂಡರು. ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಹಠಾತ್ ಮರಣದ ನಂತರ 1966ರ ಜನವರಿಯಲ್ಲಿ ಇಂದಿರಾ ಪ್ರಧಾನಿಯಾದರು. ಪಕ್ಷದ ಹಿರಿಯರು ಆಕೆ ತಾವು ಹೇಳಿದಂತೆ ಕೇಳುತ್ತಾರೆ ಎಂದುಕೊಂಡಿದ್ದರು. ಮೂರೇ ವರ್ಷಗಳಲ್ಲಿ, 1969ರಲ್ಲಿ, ನಮ್ಮ ನಿಜಲಿಂಗಪ್ಪನವರು ಅಧ್ಯಕ್ಷರಾಗಿದ್ದ ಆ ಪಕ್ಷವೇ ಎರಡಾಯಿತು. 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. 1971ರಲ್ಲಿ ಗರೀಬಿ ಹಟಾವೋ ಎಂಬ ಕೂಗಿನೊಂದಿಗೆ ಭಾರೀ ಗೆಲುವು, ವರ್ಷದ ಕೊನೆಗೆ ಬಾಂಗ್ಲಾ ಯುದ್ಧದಲ್ಲಿ ಜಯ. ಇವೆಲ್ಲ ನೀವು ಶಾಲೆಯ ಪುಸ್ತಕದಲ್ಲಿ ಓದಿದ್ದೇ.

ಆದರೆ ಬಡತನ ಓಡಿಸುತ್ತೇನೆ ಎಂಬ ಮಾತು ನಮ್ಮ ಬೆಟ್ಟಗಳಲ್ಲಿ ಹೇಗೆ ಕೇಳಿಸಿತು ಎಂಬುದು ಪುಸ್ತಕದಲ್ಲಿಲ್ಲ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ, ಉಳುವವನಿಗೆ ಭೂಮಿ ಕೊಡುವ ಕಾನೂನು ಬಂತು. ಗೇಣಿಯ ಗದ್ದೆ ಮಾಡುತ್ತಿದ್ದ ಅನೇಕರು ಅದರ ಒಡೆಯರಾದರು. ಕಾಫಿ ತೋಟಗಳಿಗೆ ಮಾತ್ರ ಆ ಕಾನೂನಿನಿಂದ ವಿನಾಯಿತಿ ಇತ್ತು. ಲೈನ್ ಮನೆಯವರಿಗೆ ಒಂದು ಗುಂಟೆಯೂ ಸಿಗಲಿಲ್ಲ. ಅವರಿಗೆ ಸಿಕ್ಕಿದ್ದು ಇನ್ನೊಂದು. ಹೆಣ್ಣಿಗೂ ಗಂಡಿಗೂ ಒಂದೇ ಕೆಲಸಕ್ಕೆ ಒಂದೇ ಸಂಬಳ ಎಂಬ ಸುಗ್ರೀವಾಜ್ಞೆ 1975ರಲ್ಲಿ ಹೊರಟಿತು. ಅದು ಮೊದಲು ಜಾರಿಯಾದದ್ದು ತೋಟಗಳಲ್ಲಿ. ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ದಿನವಿಡೀ ಹಣ್ಣು ಕೊಯ್ಯುವ ಹೆಂಗಸಿನ ದುಡಿಮೆ ಕಡಿಮೆಯದಲ್ಲ ಎಂದು ಸರ್ಕಾರ ಮೊದಲ ಬಾರಿಗೆ ಕಾಗದದ ಮೇಲೆ ಒಪ್ಪಿತು. ಕಾಗದದ ಮೇಲಿದ್ದುದೆಲ್ಲ ಕೈಗೆ ಬಂತೆಂದು ನಾನು ಹೇಳುತ್ತಿಲ್ಲ. ಆದರೂ ದೆಹಲಿಯಲ್ಲಿ ಒಬ್ಬ ಹೆಂಗಸು ಕುಳಿತಿದ್ದಾಳೆ, ನಮ್ಮನ್ನು ಬಲ್ಲಳು ಎಂಬ ಭರವಸೆ ಹುಟ್ಟಲು ಅಷ್ಟು ಸಾಕಾಯಿತು.

ಅದೇ ವರ್ಷ, ಅದೇ ಕೈ ಇನ್ನೊಂದು ಕಾಗದಕ್ಕೂ ಸಹಿ ಹಾಕಿತ್ತು. ಚುನಾವಣೆಯಲ್ಲಿ ಅಕ್ರಮ ನಡೆದಿದೆಯೆಂದು ಅಲಹಾಬಾದಿನ ಹೈಕೋರ್ಟು ಜೂನ್ 12ರಂದು ಆಕೆಯ ಆಯ್ಕೆಯನ್ನು ರದ್ದುಮಾಡಿತು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಜಾರಿಯಾಯಿತು. ಪತ್ರಿಕೆಗಳ ಬಾಯಿಗೆ ಬೀಗ ಬಿತ್ತು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವಿಚಾರಣೆ ಇಲ್ಲದೆ ಬಂಧಿಸಲಾಯಿತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು; ಉತ್ತರ ಭಾರತದ ಹಳ್ಳಿಗಳಲ್ಲಿ ಬಡವರನ್ನು ಬಲವಂತದಿಂದ ಎಳೆದೊಯ್ದರು. ಮನುಷ್ಯನ ದೇಹ ದೇವರ ಆಲಯ, ಅದು ಸರ್ಕಾರದ ಸ್ವತ್ತಲ್ಲ ಎಂದು ನಂಬುವ ನಮಗೆ ಇದು ಕೇವಲ ರಾಜಕೀಯದ ತಪ್ಪಲ್ಲ.

ಬೆಂಗಳೂರಿನ ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ಎಂಬ ಕಲಾವಿದೆ ಇದ್ದರು. ನಮ್ಮ ಶೃಂಗೇರಿಯ ಹತ್ತಿರವೇ ಚಿತ್ರೀಕರಿಸಿದ ಸಂಸ್ಕಾರ ಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದವರು. ಅಸ್ತಮಾದಿಂದ ಉಸಿರುಗಟ್ಟಿ ಒದ್ದಾಡುತ್ತಿದ್ದ ಅವರನ್ನು ಸುಮಾರು ಎಂಟು ತಿಂಗಳು ಸೆರೆಯಲ್ಲಿಟ್ಟು, ಸ್ಥಿತಿ ಕೈಮೀರಿದ ಮೇಲೆ ಹೊರಗೆ ಬಿಟ್ಟರು. ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ಪ್ರಾಣ ಹೋಯಿತು. ಭೂಗತರಾಗಿದ್ದ ಜಾರ್ಜ್ ಫೆರ್ನಾಂಡಿಸರ ಸುಳಿವು ಹೇಳೆಂದು ಅವರ ತಮ್ಮ ಲಾರೆನ್ಸರನ್ನು 1976ರ ಮೇ ತಿಂಗಳಲ್ಲಿ ಬೆಂಗಳೂರಿನ ಪೊಲೀಸರು ಹಿಡಿದು, ನಡೆಯಲಾಗದಂತೆ ಹೊಡೆದರು. ಮಂಗಳೂರಿನ ಕಥೋಲಿಕ ಕುಟುಂಬದ ಮಕ್ಕಳು ಅವರು. ಜಾರ್ಜ್ ಅವರಂತೂ ಹುಡುಗನಾಗಿದ್ದಾಗ ಗುರುವಾಗಬೇಕೆಂದು ಬೆಂಗಳೂರಿನ ಸೇಂಟ್ ಪೀಟರ್ಸ್ ಗುರುಮಠ ಸೇರಿದ್ದವರು. ಇದೆಲ್ಲ ನಡೆಯುತ್ತಿದ್ದಾಗ ನಮ್ಮ ತೋಟಗಳಿಗೆ ಸುದ್ದಿ ಮುಟ್ಟಿತೇ? ಹೇಗೆ ಮುಟ್ಟೀತು? ಪತ್ರಿಕೆ ಬರೆಯುವಂತಿರಲಿಲ್ಲ, ರೇಡಿಯೋ ಸರ್ಕಾರದ್ದು. ಮತದಾರರ ಭರವಸೆಯನ್ನು ಅಳೆಯುವಾಗ ಈ ಮಾತನ್ನು ಮರೆಯಬಾರದು: ಅವರಿಗೆ ತಿಳಿದದ್ದು ಅರ್ಧ ಮಾತ್ರ.

1977ರಲ್ಲಿ ಇಂದಿರಾ ತಾವಾಗಿಯೇ ಚುನಾವಣೆ ಕರೆದರು. ರಾಯಬರೇಲಿಯಲ್ಲಿ ಸೋತರು. ಸೋಲನ್ನು ಒಪ್ಪಿ ಅಧಿಕಾರ ಬಿಟ್ಟು ಇಳಿದರು. ಆಕೆಯ ಕಟು ಟೀಕಾಕಾರರೂ ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಇಡೀ ಉತ್ತರ ಭಾರತ ಕೈಬಿಟ್ಟಾಗ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಆಕೆಯ ಪಕ್ಷಕ್ಕೆ ಕೊಟ್ಟಿತ್ತು. ಹೀಗಾಗಿ ಮತ್ತೆ ಲೋಕಸಭೆಗೆ ಹೋಗಲು ಒಂದು ದಾರಿ ಹುಡುಕಿದಾಗ ಆ ದಾರಿ ನಮ್ಮ ಘಟ್ಟ ಹತ್ತಿ ಬಂತು. ಮೂಡಿಗೆರೆ ತಾಲೂಕಿನ ದಾರದಹಳ್ಳಿಯವರಾದ ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರಿನ ಸಂಸದರಾಗಿದ್ದರು. ಅವರು ರಾಜೀನಾಮೆ ಕೊಟ್ಟು ಜಾಗ ಬಿಟ್ಟುಕೊಟ್ಟರು. ಎದುರಾಳಿಯಾಗಿ ಜನತಾ ಪಕ್ಷದಿಂದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಂತರು. ಅವರ ಪರವಾಗಿ ಪ್ರಚಾರದ ಮುಂದಾಳಾಗಿ ಬಂದವರು ಯಾರು ಗೊತ್ತೇ? ಆಗ ಕೇಂದ್ರ ಸಚಿವರಾಗಿದ್ದ ಅದೇ ಜಾರ್ಜ್ ಫೆರ್ನಾಂಡಿಸ್.

ನಮ್ಮ ಜನರ ಸಂದಿಗ್ಧವನ್ನು ಊಹಿಸಿಕೊಳ್ಳಿ. ಒಂದು ಕಡೆ ನಮ್ಮವನೇ ಆದ ಜಾರ್ಜ್, ತಮ್ಮನ ಮೈಮೇಲಿನ ಗಾಯಗಳನ್ನು ಕಂಡು ಬಂದವರು. ಇನ್ನೊಂದು ಕಡೆ ಬಿಳಿ ಸೀರೆಯ ವಿಧವೆ. ಗೆದ್ದವರು ಬಂಧಿಸಿ, ಮರುದಿನವೇ ಬಿಡಬೇಕಾಗಿ ಬಂದವಳು. ಕೈಮುಗಿದು ತಲೆಯ ಮೇಲೆ ಸೆರಗು ಹೊದ್ದು ಅಂಕುಡೊಂಕಿನ ರಸ್ತೆಗಳಲ್ಲಿ ಹಾಡಿ ಹಾಡಿಗೆ ಬಂದವಳು. ನವೆಂಬರ್ 5ರಂದು, ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತಿಗೆ, ಮತದಾನ ನಡೆಯಿತು. ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅಂದು ಚಿಕ್ಕಮಗಳೂರಿನ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು.

ಜನ ಹಣಕ್ಕೆ, ಮೋಡಿಗೆ ಮರುಳಾದರು ಎಂದು ಆಗ ಹೇಳಿದವರುಂಟು. ನಾನು ಒಪ್ಪುವುದಿಲ್ಲ. ನೊಂದವಳನ್ನು ಮನೆಯೊಳಗೆ ಕರೆಯುವುದು ಮಲೆನಾಡಿನ ಗುಣ. ಬಡವರ ಪರವಾಗಿ ಒಬ್ಬ ಗಟ್ಟಿಗಿತ್ತಿ ಇರಲಿ ಎಂಬ ಆಸೆಯೂ ಪಾಪವಲ್ಲ. ಆದರೆ ಹಳೆಯ ಒಡಂಬಡಿಕೆಯಲ್ಲಿ ಇಸ್ರಾಯೇಲರು ತಮಗೂ ಒಬ್ಬ ಅರಸ ಬೇಕೆಂದು ಹಟ ಹಿಡಿದಾಗ ಪ್ರವಾದಿ ಸಮುವೇಲನು ಏನೆಂದು ಎಚ್ಚರಿಸಿದನೆಂಬುದನ್ನು ಸಮುವೇಲನ ಮೊದಲ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಓದಿ. ಕಾಯುವ ಕೈಯೇ ನಿಮ್ಮ ಮಕ್ಕಳನ್ನೂ ದ್ರಾಕ್ಷಿತೋಟವನ್ನೂ ಕಸಿಯುತ್ತದೆ ಎಂದು ಅವನು ಹೇಳಿದ, ಜನ ಕೇಳಲಿಲ್ಲ. ದಾವೀದನ ಮುಂದೆ ನಿಂತು ತಪ್ಪು ತೋರಿಸಲು ಒಬ್ಬ ನಾತಾನನಿದ್ದ, ದಾವೀದನೂ ತಲೆಬಾಗಿದ. 1975ರ ದೆಹಲಿಯಲ್ಲಿ ನಾತಾನರೆಲ್ಲ ಜೈಲಿನಲ್ಲಿದ್ದರು. ನಾಯಕರಲ್ಲಿ ಬಲವನ್ನು ನಾವು ಬೇಗ ಗುರುತಿಸುತ್ತೇವೆ, ಬೈಗುಳ ಕೇಳಿಸಿಕೊಳ್ಳುವ ಶಕ್ತಿಯನ್ನು ಹುಡುಕುವುದೇ ಇಲ್ಲ. ತಾಯಿಯನ್ನು ಪ್ರಶ್ನಿಸಬಾರದು ಎಂಬ ಮನೆಯ ಪಾಠವನ್ನು ನಾವು ಸರ್ಕಾರಕ್ಕೂ ಅನ್ವಯಿಸಿಬಿಡುತ್ತೇವೆ. ಓಟು ಹಾಕುವುದು ಹಕ್ಕು ಮಾತ್ರವಲ್ಲ, ಸರ್ವರ ಹಿತಕ್ಕಾಗಿ ಮಾಡಬೇಕಾದ ಕರ್ತವ್ಯ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಕಲಿಸಿದೆ. ಸರ್ವರು ಎಂದಾಗ ಜೈಲಿನಲ್ಲಿದ್ದ ಸ್ನೇಹಲತಾ ಕೂಡ ಸೇರುತ್ತಾರೆ.

ಮುಂದಿನದನ್ನು ಚಿಕ್ಕಮಗಳೂರು ದೂರದಿಂದ ನೋಡಿತು. ಗೆದ್ದು ಆರು ವಾರವಾಗಿತ್ತಷ್ಟೇ, ಡಿಸೆಂಬರ್ 19ರಂದು ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆ ಆಕೆಯನ್ನು ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳಿಸಿತು. ಕ್ರಿಸ್ತಜಯಂತಿಯನ್ನು ನಾವು ಆಚರಿಸುತ್ತಿದ್ದಾಗ ನಮ್ಮ ಸಂಸದೆ ಸೆರೆಯಲ್ಲಿದ್ದರು, ಮರುದಿನ ಬಿಡುಗಡೆಯಾಯಿತು. ಬೇರೆ ಕಡೆಯವರ ಓಟಿನಿಂದ ಬಂದ ಸದಸ್ಯರು ಸೇರಿ ನಮ್ಮ ಓಟನ್ನು ಅಳಿಸಿಹಾಕಿದ್ದು ಅನ್ಯಾಯವೆಂದೇ ಇಲ್ಲಿನವರ ಭಾವನೆ. 1981ರಲ್ಲಿ ಲೋಕಸಭೆ ಆ ನಿರ್ಣಯವನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಇಂದಿರಾ ಮತ್ತೆ ಪ್ರಧಾನಿಯಾಗಿದ್ದರು, ಆದರೆ ಚಿಕ್ಕಮಗಳೂರಿನಿಂದಲ್ಲ. 1980ರಲ್ಲಿ ರಾಯಬರೇಲಿ ಮತ್ತು ಆಂಧ್ರದ ಮೇದಕ್‌ನಿಂದ ಗೆದ್ದು ಮೇದಕ್ಕನ್ನು ಉಳಿಸಿಕೊಂಡರು. ಕಷ್ಟದಲ್ಲಿ ಬಂದ ನೆಂಟರು ಸುಖ ಬಂದ ಮೇಲೆ ಈ ದಾರಿ ಹಿಡಿಯಲಿಲ್ಲ ಎಂದು ಬೇಸರಪಟ್ಟವರಿದ್ದಾರೆ. ಆಕೆಗಾಗಿ ದುಡಿದ ಅರಸರು 1979ರಲ್ಲೇ ದೂರವಾದರು. ಎದುರಾಳಿ ವೀರೇಂದ್ರ ಪಾಟೀಲರು ಆಕೆಯ ಪಕ್ಷವನ್ನೇ ಸೇರಿದರು. ರಾಜಕೀಯ ಹೀಗೆಯೇ!

1980ರಲ್ಲಿ ವಿಮಾನ ಅಪಘಾತದಲ್ಲಿ ಕಿರಿಯ ಮಗ ಸಂಜಯ್ ಸತ್ತ ದುಃಖವನ್ನು ಆ ತಾಯಿ ಹೊತ್ತರು. 1984ರ ಜೂನ್‌ನಲ್ಲಿ ಅಮೃತಸರದ ಸ್ವರ್ಣಮಂದಿರಕ್ಕೆ ಸೈನ್ಯ ನುಗ್ಗಿತು. ಅದಾದ ಮೇಲೆ ಸಿಖ್ ಅಂಗರಕ್ಷಕರನ್ನು ಬದಲಿಸುವಂತೆ ಸಲಹೆ ಬಂದರೂ, ಧರ್ಮದ ಕಾರಣಕ್ಕೆ ಯಾರನ್ನೂ ದೂರ ಮಾಡಲು ಆಕೆ ಒಪ್ಪಲಿಲ್ಲ. ಅಕ್ಟೋಬರ್ 31ರ ಬೆಳಿಗ್ಗೆ ತಮ್ಮ ಮನೆಯ ತೋಟದಲ್ಲಿ ಆ ರಕ್ಷಕರಲ್ಲೇ ಇಬ್ಬರ ಗುಂಡಿಗೆ ಬಲಿಯಾದರು. ಅಲ್ಪಸಂಖ್ಯಾತರಾದ ನಾವು ಈ ಒಂದು ನಿರ್ಧಾರವನ್ನು ಗೌರವದಿಂದ ನೆನೆಯಬೇಕು. ಆಕೆಯ ಹೆಸರಿನಲ್ಲಿ ಸೇಡು ತೀರಿಸಹೊರಟವರು ಅದನ್ನು ನೆನೆಯಲಿಲ್ಲ. ಸರ್ಕಾರಿ ಲೆಕ್ಕದಂತೆ ದೆಹಲಿಯೊಂದರಲ್ಲೇ 2,700ಕ್ಕೂ ಹೆಚ್ಚು ಜನ ಸಿಖ್ಖರನ್ನು ಕೊಂದರು.

ಎರಡು ತಿಂಗಳೊಳಗೆ ಮತ್ತೆ ಚುನಾವಣೆ ಬಂತು. ಕಾಫಿ ಕೊಯ್ಲಿನ ಕಾಲ. ಲೈನ್ ಮನೆಯ ಹೆಂಗಸರು ಆ ದಿನ ಕೆಲಸ ಬಿಟ್ಟು ಸಾಲಿನಲ್ಲಿ ನಿಂತು ಮತ್ತೆ ಕೈ ಗುರುತಿಗೇ ಓಟು ಹಾಕಿದರು. ಚಿಕ್ಕಮಗಳೂರಿನಿಂದ ಆ ಸಲ ಲೋಕಸಭೆಗೆ ಹೋದದ್ದೂ ಒಬ್ಬ ಮಹಿಳೆಯೇ, ಡಿ.ಕೆ. ತಾರಾದೇವಿ.