ಗೀಲಾನಿನ ವಿದ್ಯೆ, ಬೀದರಿನ ಕಲ್ಲು

ಬೀದರ ಪಟ್ಟಣದ ನಡುವೆ ಇಂದಿಗೂ ನಿಂತಿರುವ ಮದರಸಾವನ್ನು ಕಟ್ಟಿಸಿದ ಮಹಮೂದ್ ಗವಾನನು ಈ ನಾಡಿನವನಲ್ಲ. 1411ರಲ್ಲಿ ಪಾರಸಿಕ ದೇಶದ ಗೀಲಾನಿನಲ್ಲಿ ಹುಟ್ಟಿ, ವ್ಯಾಪಾರವನ್ನು ಕೈಕೊಂಡು, 1453ರಲ್ಲಿ ದಾಭೋಳ ಬಂದರಿನಲ್ಲಿಳಿದು ಬಹಮನಿ ರಾಜಧಾನಿಗೆ ಬಂದನು. ಎರಡನೆಯ ಅಲ್ಲಾವುದ್ದೀನ್ ಅಹಮದನು ಆತನ ವಿದ್ವತ್ತಿಗೆ ಮೆಚ್ಚಿ ಆಶ್ರಯವಿತ್ತನು. ಬರಬರುತ್ತ ವರ್ತಕನು ಮಂತ್ರಿಯಾದನು. ಮೂರನೆಯ ಮಹಮ್ಮದ ಶಹನ ಕಾಲದಲ್ಲಿ ರಾಜ್ಯಭಾರವೆಲ್ಲ ಆತನ ಹೆಗಲಿಗೇರಿತು. 1472ರಲ್ಲಿ ಗೋವೆಯನ್ನು ಗೆದ್ದನು. ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿ ಅಧಿಪತಿಗಳ ಬಲವನ್ನು ಮಿತಗೊಳಿಸಿದನು.

ಮದರಸಾ ಪೂರ್ಣಗೊಂಡದ್ದೂ ಆ ವರ್ಷವೇ. 205 ಅಡಿ ಉದ್ದ, 180 ಅಡಿ ಅಗಲ, ಮೂರು ಅಂತಸ್ತು. ಮಸೀದಿ, ಪಾಠಶಾಲೆ, ವಿದ್ಯಾರ್ಥಿಗಳ ಕೊಠಡಿಗಳು, ಸುಮಾರು 3,000 ಹಸ್ತಪ್ರತಿಗಳ ಭಂಡಾರ. ಅದರ ವಿನ್ಯಾಸವು ಖುರಾಸಾನಿನ ಖರ್ಗಿರ್ದದ ಮದರಸಾವನ್ನು ನೆನಪಿಗೆ ತರುತ್ತದೆ; ಮುಖದ ಬಣ್ಣದ ಹೆಂಚುಗಳೂ ಪಾರಸಿಕ ರೀತಿಯವೇ. ಆದರೆ ಅದರ ಒಡಲು ದಖನಿನ ಕಲ್ಲುಗಾರೆಯದು.

ಕಟ್ಟಡವೇ ದೇಶಾಂತರ ಹೋಗುವುದು ಬೇರೆ, ಕಟ್ಟುವ ವಿದ್ಯೆ ಹೋಗುವುದು ಬೇರೆ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳು ಅಲೆತಗಡಿನ ಇಗರ್ಜಿಗಳನ್ನು ಸಿದ್ಧಪಡಿಸಿ, ಬಿಡಿಭಾಗಗಳಾಗಿ ಹಡಗೇರಿಸಿ, ಆಸ್ಟ್ರೇಲಿಯ ಮೊದಲಾದ ವಸಾಹತುಗಳಿಗೆ ಕಳಿಸಿದವು. ಕಲ್ಲಿನ ಗುಡಿ ಏಳುವವರೆಗೆ ಅವು ಆಸರೆಯಾಗಬೇಕಿತ್ತು. ಹಲವು ಆಮೇಲೆ ಕಳಚಿಹೋದವು. ಅದೇ ಇಂಗ್ಲೆಂಡಿನ ಹಳ್ಳಿಗಳ ಹಳೆಯ ಇಗರ್ಜಿಗಳಾದರೋ ಸಮೀಪದ ಕಲ್ಲಿನಿಂದ ಎದ್ದು, ತಲೆಮಾರು ತಲೆಮಾರಿಗೆ ಬೆಳೆದವು. ಹಾಗೆಂದು ಕಬ್ಬಿಣವನ್ನು ಹಳಿಯಬೇಕಾಗಿಲ್ಲ. ವಿಯೆನ್ನಾದಲ್ಲಿ ಎರಕಗೊಂಡು 1898ರಲ್ಲಿ ಇಸ್ತಾಂಬುಲಿನಲ್ಲಿ ಪೂರ್ಣಗೊಂಡ ಬಲ್ಗೇರಿಯನ್ನರ ಇಗರ್ಜಿ ಇಂದಿಗೂ ಇದೆ. ಅದನ್ನು ತಮ್ಮದೆಂದು ಕಾಯ್ದುಕೊಂಡವರು ಇದ್ದರು.

ಗವಾನನ ಕಟ್ಟಡಕ್ಕೂ ಆ ಭಾಗ್ಯ ದೊರೆಯಿತು, ಗವಾನನಿಗೆ ದೊರೆಯಲಿಲ್ಲ. ಆಸ್ಥಾನದಲ್ಲಿ ದಖನಿಗಳಿಗೂ ಆಫಾಕಿಗಳೆನಿಸಿದ ಪರದೇಶಿಗಳಿಗೂ ಹಗೆ ಬೆಳೆದಿತ್ತು. ಎರಡು ಪಕ್ಷಗಳಿಗೂ ಅಧಿಕಾರವನ್ನು ಹಂಚಿ ಸಮತೂಕ ಸಾಧಿಸಲು ಆತನು ಯತ್ನಿಸಿದನು. ವಿರೋಧಿಗಳು ಆತನ ಮುದ್ರೆಯಿದ್ದ ಖಾಲಿ ಹಾಳೆಯಲ್ಲಿ ಒಡಿಸ್ಸಾದ ಅರಸನಿಗೆ ದ್ರೋಹದ ಪತ್ರವನ್ನು ಬರೆದು ಸುಲ್ತಾನನಿಗೆ ತೋರಿಸಿದರು. 1481ರ ಏಪ್ರಿಲ್ 5ರಂದು, ವಿಚಾರಣೆಯೇ ಇಲ್ಲದೆ, ಎಪ್ಪತ್ತರ ವೃದ್ಧನ ಶಿರಚ್ಛೇದವಾಯಿತು. ಮರುವರ್ಷ ಸುಲ್ತಾನನೂ ತೀರಿಕೊಂಡನು. ಮುಂದೆ ರಾಜ್ಯ ಐದಾಗಿ ಒಡೆಯಿತು.

17ನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟದಿಂದ ಮದರಸಾದ ಎರಡು ಮಿನಾರುಗಳಲ್ಲಿ ಒಂದು ಬಿದ್ದಿತು. ಇನ್ನೊಂದು ನಿಂತಿದೆ. ಊರವರು ಕಟ್ಟಡವನ್ನು ಇಂದಿಗೂ ಆ ಪರದೇಶಿಯ ಹೆಸರಿನಿಂದಲೇ ಕರೆಯುತ್ತಾರೆ.