ಪಾದ್ರಿಯಾಗಬೇಕಿದ್ದವರು ಕಟ್ಟಿದ ಬುಟ್ಟಿ

ಸೆಮಿಸ್ಟರ್ ಶುರುವಾದ ಮೊದಲ ವಾರ ನಮ್ಮ ಜಿಮ್‌ನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಮೂರನೇ ವಾರಕ್ಕೆ ಅರ್ಧ ಖಾಲಿ. ಫಸ್ಟ್ ಇಂಟರ್ನಲ್ಸ್ ಬಂತು ಅಂದ್ರೆ ಟ್ರೆಡ್‌ಮಿಲ್ ಮೇಲೆ ಯಾರದೋ ಟವೆಲ್ ಒಣಗ್ತಾ ಇರುತ್ತೆ. ಆದರೆ ಪಕ್ಕದ ಬಾಸ್ಕೆಟ್‌ಬಾಲ್ ಕೋರ್ಟ್ ನೋಡಿ. ನಾಳೆ ಮ್ಯಾಥ್ಸ್ ಪರೀಕ್ಷೆ ಇದ್ದರೂ ಸಂಜೆ ಐದೂವರೆಗೆ ನಾಲ್ಕು ಜನ ಅಲ್ಲಿ ಚೆಂಡು ಬಡಿಯುತ್ತಿರುತ್ತಾರೆ. ಯಾಕೆ ಹೀಗೆ ಅಂತ ನಾವ್ಯಾರೂ ತಲೆ ಕೆಡಿಸಿಕೊಂಡಿಲ್ಲ. 130 ವರ್ಷಗಳಿಗೂ ಹಿಂದೆ ಒಬ್ಬರು ಇದೇ ಪ್ರಶ್ನೆಯ ಮೇಲೆ ತಲೆ ಕೆಡಿಸಿಕೊಂಡರು, ಆ ಭರದಲ್ಲಿ ಈ ಆಟವನ್ನೇ ಹುಟ್ಟಿಸಿಬಿಟ್ಟರು. ಅವರು ಎಂಜಿನಿಯರ್ ಅಲ್ಲ. ದೇವತಾಶಾಸ್ತ್ರ ಓದಿ ಪಾದ್ರಿಯಾಗಬೇಕೆಂದು ಹೊರಟಿದ್ದವರು. ಹೆಸರು ಜೇಮ್ಸ್ ನೈಸ್ಮಿತ್.

ನೈಸ್ಮಿತ್ ಹುಟ್ಟಿದ್ದು 1861ರ ನವೆಂಬರ್ 6ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದ ಆಲ್ಮಾಂಟ್ ಎಂಬ ಊರಿನ ಹತ್ತಿರ. ಮನೆಯವರು ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದವರು. 1870ರಲ್ಲಿ ಟೈಫಾಯ್ಡ್ ಬಂದು ಅಪ್ಪ ಅಮ್ಮ ಇಬ್ಬರೂ ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. ಹುಡುಗನಿಗೆ ಆಗ ಸುಮಾರು 9 ವರ್ಷ. ಸೋದರಮಾವ ಪೀಟರ್ ಸಾಕಿದರು. ಹೊಲದ ಕೆಲಸ, ಕುದುರೆ, ಕೊರೆಯುವ ಚಳಿ, ಭಾನುವಾರದ ಚರ್ಚು, ಇಷ್ಟರಲ್ಲೇ ಹುಡುಗ ಬೆಳೆದ. 15ನೇ ವಯಸ್ಸಿಗೆ ಹೈಸ್ಕೂಲು ಬಿಟ್ಟು ಕಾಡಿನಲ್ಲಿ ಮರ ಕಡಿಯೋಕೆ ಹೋದ. ಕೆಲವು ವರ್ಷ ಕೊಡಲಿ ಹಿಡಿದ ಮೇಲೆ ಬುದ್ಧಿ ತಿರುಗಿ ವಾಪಸ್ ಶಾಲೆಗೆ ಬಂದ. ತನಗಿಂತ ಎಷ್ಟೋ ಚಿಕ್ಕ ಹುಡುಗರ ಜೊತೆ ಬೆಂಚಿನಲ್ಲಿ ಕೂತು ಓದಿ, 1883ರಲ್ಲಿ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯ ಸೇರಿದ. ಇಯರ್ ಬ್ಯಾಕ್ ಆಯ್ತು ಅಂತ ಮುಖ ಸಣ್ಣ ಮಾಡಿಕೊಂಡಿರುವ ಗೆಳೆಯರು ಇದನ್ನು ಎರಡು ಸಲ ಓದಿಕೊಳ್ಳಬಹುದು.

ಮೆಗಿಲ್‌ನಲ್ಲಿ ಮೊದಮೊದಲು ನೈಸ್ಮಿತ್‌ಗೆ ಓದೊಂದೇ ಪ್ರಪಂಚ. ಪಾದ್ರಿಯಾಗಬೇಕು, ಅದಕ್ಕೆ ಓದಬೇಕು, ಆಟಕ್ಕೆಲ್ಲ ಟೈಮ್ ಇಲ್ಲ ಎಂಬ ಲೆಕ್ಕ. ಒಂದು ಸಂಜೆ ಇಬ್ಬರು ಸೀನಿಯರ್‌ಗಳು ರೂಮಿಗೆ ಬಂದು, ಹೀಗೇ ಪುಸ್ತಕಕ್ಕೆ ಅಂಟಿಕೊಂಡರೆ ಆರೋಗ್ಯ ಕೆಡುತ್ತದೆ, ಜಿಮ್‌ಗಾದರೂ ಬಾ ಎಂದು ಕರೆದರು. ಮೊದಲು ಇವರಿಗೆ ಅದು ಹಿಡಿಸಲಿಲ್ಲ. ಆಮೇಲೆ ಯೋಚಿಸಿ ನೋಡಿದರೆ ಆ ಇಬ್ಬರಿಗೂ ತಮ್ಮ ಒಳಿತು ಬಿಟ್ಟು ಬೇರೆ ಲಾಭ ಏನೂ ಇರಲಿಲ್ಲ. ಹೋದರು. ಜಿಮ್ನಾಸ್ಟಿಕ್ಸ್ ಶುರುವಾಯ್ತು. ಮುಂದೆ ಒಂದು ದಿನ ಕಾಲೇಜಿನ ಫುಟ್‌ಬಾಲ್ ತಂಡದ ಆಟಗಾರನೊಬ್ಬನ ಮೂಗು ಮುರಿದಾಗ, ನೋಡುತ್ತ ನಿಂತಿದ್ದ ಇವರೇ ಕೋಟು ಬಿಚ್ಚಿಟ್ಟು ಮೈದಾನಕ್ಕೆ ಇಳಿದರು.

ಅಲ್ಲಿಂದ ತಾಪತ್ರಯ ಶುರು. ಆಗಿನ ಎಷ್ಟೋ ಧರ್ಮಶ್ರದ್ಧೆಯ ಮನೆಗಳಲ್ಲಿ ಫುಟ್‌ಬಾಲ್ ಅಂದರೆ ಸೈತಾನನ ಆಟ. ದೇವರ ಕೆಲಸಕ್ಕೆ ಹೊರಟವನು ಕೆಸರಲ್ಲಿ ಗುದ್ದಾಡೋದು ಅಂದರೇನು? ದೇವತಾಶಾಸ್ತ್ರದ ಸಹಪಾಠಿಗಳು ಇವರ ಆತ್ಮದ ಉದ್ಧಾರಕ್ಕೆ ಪ್ರಾರ್ಥನೆಯನ್ನೇ ಮಾಡಿದರಂತೆ. ಒಮ್ಮೆ ಶನಿವಾರದ ಆಟದಲ್ಲಿ ಪೆಟ್ಟು ತಿಂದು, ಎರಡೂ ಕಣ್ಣು ಕಪ್ಪಾಗಿ ಊದಿಕೊಂಡಿದ್ದರೂ ಭಾನುವಾರ ಹೋಗಿ ಉಪದೇಶ ಕೊಟ್ಟರು.

ಆದರೆ ಮೈದಾನದಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಪಕ್ಕದ ಆಟಗಾರ ಸಿಟ್ಟಿನಲ್ಲಿ ಕೆಟ್ಟ ಮಾತಾಡಿದ. ಮರುಕ್ಷಣ ನೈಸ್ಮಿತ್ ಕಡೆ ತಿರುಗಿ ಕ್ಷಮೆ ಕೇಳಿದ. ಇವರು ಅವನಿಗೆ ಬುದ್ಧಿಮಾತು ಹೇಳಿದ್ದೇ ಇಲ್ಲ. ಚೆನ್ನಾಗಿ ಆಡುತ್ತಿದ್ದರು, ನೀಟಾಗಿ ಬದುಕುತ್ತಿದ್ದರು, ಅಷ್ಟೇ. ಜನರನ್ನು ಒಳ್ಳೆಯ ದಾರಿಗೆ ತರೋಕೆ ಪೀಠದ ಮೇಲೆ ನಿಲ್ಲುವುದೊಂದೇ ಮಾರ್ಗವಲ್ಲ ಎಂದು ಅವರಿಗೆ ಹೊಳೆದದ್ದು ಆಗ. ದೇಹವನ್ನೂ ದೇವರ ಆಲಯವೆಂದು ಕಾಣುವುದು ಕ್ರೈಸ್ತ ನಂಬಿಕೆ. ಹಾಗಾದರೆ ಆ ಆಲಯವನ್ನು ಗಟ್ಟಿಯಾಗಿ ಇಟ್ಟುಕೊಳ್ಳುವುದನ್ನು ಕಲಿಸೋದೂ ದೇವರ ಕೆಲಸವೇ ಅಲ್ಲವೇ? 1890ರಲ್ಲಿ ಪ್ರೆಸ್ಬಿಟೇರಿಯನ್ ಕಾಲೇಜಿನ ಓದು ಮುಗಿಸಿದವರು ಚರ್ಚಿನ ಕೆಲಸ ಹಿಡಿಯದೆ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಗೆ ಹೋದರು. ಇದಕ್ಕೆ ಬೆಲೆಯನ್ನೂ ತೆತ್ತರು. ಅಕ್ಕ ಆ್ಯನಿ ಈ ತೀರ್ಮಾನವನ್ನು ಕಡೆಯವರೆಗೂ ಕ್ಷಮಿಸಲೇ ಇಲ್ಲ. ತಮ್ಮ ಜಗದ್ವಿಖ್ಯಾತನಾದ ಮೇಲೂ ಆಕೆಯ ಲೆಕ್ಕದಲ್ಲಿ ಅವನು ನೇಗಿಲಿಗೆ ಕೈಹಾಕಿ ಹಿಂದೆ ಸರಿದವನೇ.

ಈಗ ನಮ್ಮ ಜಿಮ್ ಪ್ರಶ್ನೆಗೆ ಬರೋಣ. 1891ರ ಚಳಿಗಾಲ. ಹೊರಗೆ ಹಿಮ, ಫುಟ್‌ಬಾಲ್ ಇಲ್ಲ, ಬೇಸ್‌ಬಾಲ್ ಇಲ್ಲ. ಒಳಾಂಗಣದಲ್ಲಿ ಇದ್ದದ್ದು ಒಂದೇ ಸಮನೆ ಕವಾಯತು, ಡಂಬೆಲ್ಸು. ಅಲ್ಲಿ 18 ಜನರ ಒಂದು ತರಗತಿ ಇತ್ತು. ಎಲ್ಲರೂ ಮುಂದೆ ವೈಎಂಸಿಎ ಕಾರ್ಯದರ್ಶಿಗಳಾಗಬೇಕಿದ್ದ ದೊಡ್ಡವರು. ಅವರಿಗೆ ಈ ಕವಾಯತು ಬೋರೋ ಬೋರು. ಇಬ್ಬರು ಮೇಷ್ಟ್ರುಗಳು ಈ ಬ್ಯಾಚ್‌ಗೆ ಕೈಮುಗಿದು ಹೋಗಿದ್ದರು. ವಿಭಾಗದ ಮುಖ್ಯಸ್ಥ ಲೂಥರ್ ಗ್ಯುಲಿಕ್ ಈ ತರಗತಿಯನ್ನು ನೈಸ್ಮಿತ್ ಕೊರಳಿಗೆ ಕಟ್ಟಿದರು. ಇದ್ದ ಗಡುವು 14 ದಿನ.

ನೈಸ್ಮಿತ್ ಆ ಹುಡುಗರನ್ನು ಸೋಮಾರಿಗಳೆಂದು ಬೈಯಲಿಲ್ಲ. ತಪ್ಪು ಹುಡುಗರಲ್ಲಿಲ್ಲ, ಪದ್ಧತಿಯಲ್ಲಿದೆ ಎಂಬುದು ಅವರ ವಾದ. ಮನಸ್ಸಿಗೆ ಖುಷಿ ಕೊಡದ ವ್ಯಾಯಾಮವನ್ನು ಯಾರು ತಾನೇ ಎಷ್ಟು ದಿನ ಮಾಡಿಯಾರು? ಮೊದಲು ಹೊರಾಂಗಣದ ಆಟಗಳನ್ನೇ ಒಳಗೆ ತಂದು ನೋಡಿದರು. ಫುಟ್‌ಬಾಲ್ ಆಡಿಸಿದರೆ ಏಟು, ಸಾಕರ್ ಆಡಿಸಿದರೆ ಕಿಟಕಿ ಗಾಜು ಪುಡಿ, ಲಕ್ರಾಸ್ ಆಡಿಸಿದರೆ ಕೈ ಮುಖವೆಲ್ಲ ಗಾಯ. 14 ದಿನ ಮುಗಿಯುತ್ತ ಬಂತು, ಕೈ ಬರಿದೇ ಉಳಿಯಿತು.

ಆಗ ಅವರು ಮಾಡಿದ್ದು ಪಕ್ಕಾ ನಮ್ಮ ಡಿಸೈನ್ ಲ್ಯಾಬ್‌ನ ಕೆಲಸ. ಆಟಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡಿದರು. ಫುಟ್‌ಬಾಲ್ ಒರಟು ಯಾಕೆ? ಚೆಂಡು ಹಿಡಿದು ಓಡುವವನನ್ನು ಕೆಡವಿ ಬೀಳಿಸಬೇಕು, ಅದಕ್ಕೆ. ಚೆಂಡು ಹಿಡಿದವನು ಓಡಲೇಬಾರದು ಎಂದರೆ? ಕೆಡವುವ ಅಗತ್ಯವೇ ಇಲ್ಲ. ಸರಿ, ಗೋಲು ಹೇಗಿರಬೇಕು? ನೆಟ್ಟಗೆ ನಿಂತ ಗೋಲಿಗೆ ಬಲವಾಗಿ ಎಸೆದಷ್ಟೂ ಲಾಭ, ಏಟೂ ಜಾಸ್ತಿ. ಇಲ್ಲಿ ಬಾಲ್ಯದ ಒಂದು ಆಟ ನೆನಪಾಯಿತು. ಬಂಡೆಯ ಮೇಲಿಟ್ಟ ಕಲ್ಲನ್ನು ಇನ್ನೊಂದು ಕಲ್ಲೆಸೆದು ಬೀಳಿಸುವ ಆಟ, ನಮ್ಮ ಲಗೋರಿಯ ದೂರದ ನೆಂಟ ಅನ್ನಿ. ಅದರಲ್ಲಿ ಜೋರಾಗಿ ಬೀಸಿದರೆ ಕಲ್ಲು ಎಲ್ಲೋ ಹೋಗಿ ಬೀಳುತ್ತೆ. ಮೆಲ್ಲಗೆ ಕಮಾನಿನಂತೆ ಎಸೆಯುವವನೇ ಗೆಲ್ಲೋದು. ಹಾಗಾದರೆ ಗೋಲಿನ ಬಾಯಿ ಆಕಾಶಕ್ಕೆ ತೆರೆದಿರಲಿ, ತಲೆಗಿಂತ ಎತ್ತರದಲ್ಲಿರಲಿ. ಬಲಕ್ಕಿಂತ ಗುರಿ ಮುಖ್ಯವಾಗುತ್ತೆ.

ಬೆಳಿಗ್ಗೆ ಹೋಗಿ ಕಟ್ಟಡ ನೋಡಿಕೊಳ್ಳುವ ಸ್ಟೆಬಿನ್ಸ್ ಅವರನ್ನು ಎರಡು ಚೌಕ ಪೆಟ್ಟಿಗೆ ಕೇಳಿದರು. ಪೆಟ್ಟಿಗೆ ಇರಲಿಲ್ಲ, ಇದ್ದದ್ದು ಪೀಚ್ ಹಣ್ಣಿನ ಬುಟ್ಟಿ. ಇರಲಿ ಎಂದು ಅದನ್ನೇ ಬಾಲ್ಕನಿಯ ಅಂಚಿಗೆ ಮೊಳೆ ಹೊಡೆದು ಕೂರಿಸಿದರು. ಬಾಲ್ಕನಿ ಇದ್ದದ್ದು 10 ಅಡಿ ಎತ್ತರದಲ್ಲಿ. ಇವತ್ತಿಗೂ ರಿಂಗ್ ಇರೋದು ಅದೇ 10 ಅಡಿಗೆ. 13 ನಿಯಮ ಬರೆದು, ಟೈಪ್ ಮಾಡಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದರು. ಭುಜದಿಂದ ತಳ್ಳುವುದು, ಹಿಡಿಯುವುದು, ಕಾಲು ಕೊಡುವುದು ಯಾವುದೂ ನಡೆಯಲ್ಲ. 1891ರ ಡಿಸೆಂಬರ್ 21ರಂದು 9 ಜನರ ಎರಡು ತಂಡ, ಒಂದು ಸಾಕರ್ ಚೆಂಡು. ಇಡೀ ಆಟಕ್ಕೆ ಬಿದ್ದದ್ದು ಒಂದೇ ಗೋಲು. ಆದರೆ ಆ 18 ಜನ ಆಮೇಲೆ ಜಿಮ್‌ಗೆ ಬರಲ್ಲ ಅನ್ನಲಿಲ್ಲ, ಆಟ ನಿಲ್ಲಿಸೋದೇ ಕಷ್ಟವಾಯಿತು. 1892ರಲ್ಲಿ ಹತ್ತಿರದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಹೆಣ್ಣುಮಕ್ಕಳಿಗೂ ಇದನ್ನು ಆಡಿಸಿದರು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತವರು ಹೋದ ಕಡೆಗೆಲ್ಲ ಆಟವೂ ಹೋಯಿತು. ಅದೇ ಶಾಲೆಯಲ್ಲಿ ಓದಿದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದರು. ದಕ್ಷಿಣ ಭಾರತದ ಎಷ್ಟೋ ಪಿ.ಟಿ. ಮೇಷ್ಟ್ರುಗಳು ತಯಾರಾದದ್ದು ಅಲ್ಲೇ.

ನೈಸ್ಮಿತ್ ಮಾತ್ರ ಈ ಆಟದಿಂದ ದುಡ್ಡು ಮಾಡಲು ಹೋಗಲಿಲ್ಲ. ಡೆನ್ವರ್‌ನಲ್ಲಿ ಕೆಲಸ ಮಾಡುತ್ತಲೇ ವೈದ್ಯಕೀಯ ಓದಿ 1898ರಲ್ಲಿ ಡಾಕ್ಟರಾದರು. ಅದೇ ವರ್ಷ ಕಾನ್ಸಸ್ ವಿಶ್ವವಿದ್ಯಾಲಯಕ್ಕೆ ಬಂದರು. ಹುದ್ದೆಯೂ ಅವರಂತೆಯೇ ವಿಚಿತ್ರ: ವಿದ್ಯಾರ್ಥಿಗಳ ಪ್ರಾರ್ಥನೆ ನಡೆಸಬೇಕು, ವ್ಯಾಯಾಮವನ್ನೂ ಕಲಿಸಬೇಕು. ಕೋಚ್ ಆಗಿ ಅವರ ಲೆಕ್ಕ 55 ಗೆಲುವು, 60 ಸೋಲು. ಆಟ ಹುಟ್ಟಿಸಿದವರೇ ಸೋತದ್ದು ಜಾಸ್ತಿ! ಅವರಿಗೆ ಅದರ ಬಗ್ಗೆ ಬೇಜಾರಿರಲಿಲ್ಲ. ಇದು ಆಡೋ ಆಟ, ಇದಕ್ಕೆ ಕೋಚಿಂಗ್ ಯಾಕೆ ಎಂಬುದು ಅವರ ನಿಲುವು. ಯಾರು ಗೆದ್ದರು ಅನ್ನೋದಕ್ಕಿಂತ ಆಡಿದ ಹುಡುಗ ಎಂಥ ಮನುಷ್ಯನಾದ ಅನ್ನೋದು ಅವರಿಗೆ ಮುಖ್ಯ. 1916ರಲ್ಲಿ ಕಡೆಗೂ ಪಾದ್ರಿಯಾಗಿ ದೀಕ್ಷೆ ಪಡೆದರು, ಸೈನಿಕರ ನಡುವೆ ಕೆಲಸ ಮಾಡಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ವೈಎಂಸಿಎ ಪರವಾಗಿ ಫ್ರಾನ್ಸ್‌ನಲ್ಲೂ ಇದ್ದರು.

1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬಾಸ್ಕೆಟ್‌ಬಾಲ್ ಮೊದಲ ಸಲ ಸೇರಿತು. ಅಲ್ಲಿಗೆ ಹೋಗಲು ನೈಸ್ಮಿತ್ ಹತ್ತಿರ ಹಣವಿರಲಿಲ್ಲ, ಕೋಚ್‌ಗಳೆಲ್ಲ ಸೇರಿ ಚಂದಾ ಎತ್ತಿ ಕಳಿಸಿದರು. ಮಳೆಯಲ್ಲಿ ಕೆಸರಾದ ಮೈದಾನದಲ್ಲಿ ಫೈನಲ್ ನಡೆದು ಅಮೆರಿಕ 19-8ರಿಂದ ಕೆನಡಾವನ್ನು ಸೋಲಿಸಿತು. ಒಂದು ಅವರು ಹುಟ್ಟಿದ ದೇಶ, ಇನ್ನೊಂದು ಅವರು ಪೌರತ್ವ ಪಡೆದ ದೇಶ. 1939ರ ನವೆಂಬರ್ 28ರಂದು ಕಾನ್ಸಸ್‌ನ ಲಾರೆನ್ಸ್‌ನಲ್ಲಿ ತೀರಿಕೊಂಡಾಗ ಅವರಿಗೆ 78.

ಅವರ ನಂಬಿಕೆ ನಮ್ಮೆಲ್ಲರ ನಂಬಿಕೆಯಾಗಿರಬೇಕಿಲ್ಲ. ಆದರೆ ಆ ಚಳಿಗಾಲದ ಪಾಠ ನಮ್ಮ ಹಾಸ್ಟೆಲ್‌ಗೂ ಸಲ್ಲುತ್ತದೆ. ಮೈಯನ್ನು ದಂಡಿಸಿ ಒಂದೇ ತಿಂಗಳಲ್ಲಿ ಪಳಗಿಸಿಬಿಡ್ತೀವಿ ಅನ್ನೋ ಪ್ರತಿಜ್ಞೆ ಮೂರನೇ ವಾರ ದಾಟಲ್ಲ. ಖುಷಿ ಇರಬೇಕು, ಜೊತೆಗೆ ನಾಲ್ಕು ಜನ ಇರಬೇಕು, ಮತ್ತು ಮೈ ನಮ್ಮ ಕೈಗೆ ಒಪ್ಪಿಸಿದ ಸೊತ್ತು ಅನ್ನೋ ಎಚ್ಚರ ಇರಬೇಕು. ಅವರ ಕಥೆ ಶುರುವಾದದ್ದೂ ಇಬ್ಬರು ಸೀನಿಯರ್‌ಗಳು ಬಾಗಿಲು ತಟ್ಟಿದ್ದರಿಂದ. ನಮ್ಮ ಬ್ಲಾಕಿನಲ್ಲೂ ಅಸೈನ್‌ಮೆಂಟ್ ಮುಂದೆ ಕೂತು ಬೆನ್ನು ಬಾಗಿಸಿಕೊಂಡಿರುವ ಜೂನಿಯರ್ ಒಬ್ಬ ಇದ್ದೇ ಇರುತ್ತಾನೆ. ಇವತ್ತು ಐದೂವರೆಗೆ ಕೋರ್ಟಿಗೆ ಹೋಗುವಾಗ ಅವನ ಬಾಗಿಲನ್ನೂ ತಟ್ಟಿಕೊಂಡು ಹೋಗೋಣ.